ಏರದೆ ನಿಂತ ಎಚ್‌ಬಿಎ1ಸಿ: ಟ್ಯೂರಿನ್‌ನ ಗುಂಪು ಭೇಟಿ, ಒಂದು ಪ್ರಕರಣ ಅಧ್ಯಯನ

ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯದ ಮಧುಮೇಹ ಕ್ಲಿನಿಕ್ಕಿಗೆ ಬರುತ್ತಿದ್ದ 112 ಟೈಪ್ 2 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಲಾಯಿತು. 56 ಮಂದಿ ಎಂದಿನಂತೆ ಮೂರು ತಿಂಗಳಿಗೊಮ್ಮೆ ಬಂದು ಒಬ್ಬೊಬ್ಬರಾಗಿ ವೈದ್ಯರನ್ನು ಕಂಡರು. ಉಳಿದ 56 ಮಂದಿಯೂ ಮೂರು ತಿಂಗಳಿಗೊಮ್ಮೆಯೇ ಬಂದರು, ಆದರೆ ಒಂಬತ್ತು ಹತ್ತು ಜನರ ಗುಂಪಾಗಿ ಕೂತರು. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ರಕ್ತಪರೀಕ್ಷೆ. ಐದು ವರ್ಷ ಕಳೆಯುವಷ್ಟರಲ್ಲಿ ಒಬ್ಬೊಬ್ಬರಾಗಿ ಬಂದವರ ಎಚ್‌ಬಿಎ1ಸಿ ಸರಾಸರಿ 1.7 ಏರಿತ್ತು. ಗುಂಪಿನಲ್ಲಿ ಕೂತವರದು ಏರಿದ್ದು 0.1 ಮಾತ್ರ.

1.7 ಅಂದರೆ ಎಷ್ಟು? ಎಚ್‌ಬಿಎ1ಸಿ 1 ಏರಿದರೆ ರಕ್ತದ ಸರಾಸರಿ ಸಕ್ಕರೆ ಡೆಸಿಲೀಟರಿಗೆ ಸುಮಾರು 29 ಮಿ.ಗ್ರಾಂ ಏರಿದಂತೆ. 7 ಇದ್ದವರ ಸರಾಸರಿ ಶುಗರ್ ಸುಮಾರು 154. ಅದು 8.7 ಆದರೆ ಸರಾಸರಿ 203 ಆಗುತ್ತದೆ. ಕಣ್ಣು, ಮೂತ್ರಪಿಂಡ, ಪಾದಗಳ ಮಟ್ಟಿಗೆ ಇದು ಸಣ್ಣ ಅಂತರವಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಗುಂಪಿನವರ ಶುಗರ್ ಇಳಿಯಲಿಲ್ಲ, ಇದ್ದಲ್ಲೇ ನಿಂತಿತು. ಟೈಪ್ 2 ಮಧುಮೇಹದಲ್ಲಿ ಇದ್ದಲ್ಲೇ ನಿಲ್ಲುವುದೇ ಕಷ್ಟದ ಕೆಲಸ. ಟೈಪ್ 2 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂದಾಗ ಕಂಡದ್ದೂ ಅದೇ: ಸಾಮಾನ್ಯ ಚಿಕಿತ್ಸೆಯವರಲ್ಲಾಗಲಿ, ಬಿಗಿ ಚಿಕಿತ್ಸೆಯವರಲ್ಲಾಗಲಿ, ವರ್ಷಗಳು ಉರುಳಿದ ಹಾಗೆ ಎಚ್‌ಬಿಎ1ಸಿ ಮೇಲಕ್ಕೇ ಹೋಗುತ್ತದೆ. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸವೆಯುತ್ತ ಹೋಗುತ್ತವೆ, ಮಾತ್ರೆಯ ಡೋಸ್ ಅದರ ಬೆನ್ನು ಹತ್ತಿ ಓಡುತ್ತದೆ. ಹಾಗಾಗಿ ಗುಂಪು ಭೇಟಿಯನ್ನು ಎಷ್ಟು ಇಳಿಯಿತು ಎಂದು ಅಳೆಯಹೊರಟರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಎಷ್ಟು ಏರಲಿಲ್ಲ ಎಂದು ನೋಡಬೇಕು.

ಯಾರು, ಎಲ್ಲಿ

ಕೆಲಸ ನಡೆದದ್ದು ವಿಶ್ವವಿದ್ಯಾಲಯದ ಇಂಟರ್ನಲ್ ಮೆಡಿಸಿನ್ ವಿಭಾಗದಲ್ಲಿ. ಮುಂದೆ ನಿಂತು ನಡೆಸಿದವರು ಶಿಕ್ಷಣತಜ್ಞೆ ಮರೀನಾ ಟ್ರೆಂಟೊ ಮತ್ತು ವೈದ್ಯ ಮಾಸ್ಸಿಮೊ ಪೋರ್ಟಾ. ತಂಡದಲ್ಲಿ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರೊಬ್ಬರು ಇದ್ದದ್ದು ಕಾಕತಾಳೀಯವಲ್ಲ. ವೈದ್ಯರಿಗೆ ಹೇಳಿ ಅಭ್ಯಾಸ, ಕಲಿಸಿ ಅಭ್ಯಾಸ ಕಡಿಮೆ.

ಸೇರಿಸಿಕೊಂಡದ್ದು ಇನ್ಸುಲಿನ್ ತೆಗೆದುಕೊಳ್ಳದ, ಪಥ್ಯದಲ್ಲೋ ಮಾತ್ರೆಯಲ್ಲೋ ಇದ್ದ ರೋಗಿಗಳನ್ನು ಮಾತ್ರ. ಇನ್ಸುಲಿನ್ ಬಂದರೆ ಪ್ರತಿಯೊಬ್ಬರ ಯೂನಿಟ್, ಸಮಯ, ಶುಗರ್ ಇಳಿಯುವ ಭಯ ಬೇರೆ ಬೇರೆ. ಹತ್ತು ಜನರ ಮಾತು ಒಂದು ದಾರಿಗೆ ಬರುವುದು ಕಷ್ಟ. ಇನ್ನೊಂದು ವಿಷಯ ಓದುಗರು ಗಮನಿಸಬೇಕು. ಒಬ್ಬೊಬ್ಬರಾಗಿ ಬಂದ 56 ಮಂದಿಯನ್ನು ಕೈಬಿಟ್ಟಿರಲಿಲ್ಲ. ಅವರಿಗೂ ಭೇಟಿಯ ಜೊತೆಗೆ ಶಿಕ್ಷಣದ ಬೆಂಬಲ ಸಿಗುತ್ತಿತ್ತು. ಅಂದರೆ ಹೋಲಿಕೆ ತಿಳಿವಳಿಕೆ ಕೊಟ್ಟವರಿಗೂ ಕೊಡದವರಿಗೂ ನಡುವೆ ಅಲ್ಲ. ಒಂದೇ ತಿಳಿವಳಿಕೆಯನ್ನು ಎರಡು ರೀತಿಯಲ್ಲಿ ಪಡೆದವರ ನಡುವೆ.

56 ಜನರನ್ನು ಒಂಬತ್ತು ಹತ್ತರಂತೆ ಹಂಚಿದರೆ ಆರು ಗುಂಪು. ವರ್ಷಕ್ಕೆ ನಾಲ್ಕು ಭೇಟಿ ಅಂದರೆ 24 ಸಭೆ. ಇದೇ ಜನ ಒಬ್ಬೊಬ್ಬರಾಗಿ ಬಂದಿದ್ದರೆ 224 ಭೇಟಿ. ಈ ಲೆಕ್ಕ ನೋಡಿದ ಕೂಡಲೇ ಆಡಳಿತದವರ ಕಣ್ಣು ಅರಳುತ್ತದೆ. ಅದು ಅವಸರದ ಸಂತೋಷ. ಖರ್ಚಿನ ಮಾತು ಮುಂದೆ ಬರುತ್ತದೆ.

ಒಂದು ಭೇಟಿಯ ಒಳಗೆ

ಗುಂಪು ಭೇಟಿಯನ್ನು ಶುಗರ್ ಶಿಬಿರ ಎಂದುಕೊಂಡರೆ ತಪ್ಪು. ಶಿಬಿರಕ್ಕೆ ಯಾರು ಬೇಕಾದರೂ ಬರುತ್ತಾರೆ, ಭಾಷಣ ಕೇಳುತ್ತಾರೆ, ಹೋಗುತ್ತಾರೆ. ಟ್ಯೂರಿನ್‌ನಲ್ಲಿ ಗುಂಪೇ ಫಾಲೋಅಪ್ ಭೇಟಿ. ಅದೇ ಹತ್ತು ಜನ, ಅದೇ ತಂಡ, ಮೂರು ತಿಂಗಳಿಗೊಮ್ಮೆ, ವರ್ಷಗಟ್ಟಲೆ. ಪಾಠಕ್ಕೆ ಒಂದು ದಿನ, ವೈದ್ಯರನ್ನು ಕಾಣಲು ಇನ್ನೊಂದು ದಿನ ಎಂಬ ಎರಡು ಓಡಾಟವಿರಲಿಲ್ಲ.

ಸಭೆಗೆ ನಾಲ್ಕು ಭಾಗ. ಮೊದಲು ಬರಮಾಡಿಕೊಂಡು ಆ ದಿನದ ವಿಷಯ ಮುಂದಿಡುವುದು. ಆಮೇಲೆ ಕೈಯಾರೆ ಮಾಡುವ ಕಲಿಕೆ: ಚಟುವಟಿಕೆ, ಸಣ್ಣ ಗುಂಪಿನ ಕೆಲಸ, ಸಮಸ್ಯೆ ಬಿಡಿಸುವುದು, ನಿಜಜೀವನದ ಸನ್ನಿವೇಶವನ್ನು ಅಭಿನಯಿಸಿ ನೋಡುವುದು. ಮೂರನೆಯದು ಅವರವರ ಅನುಭವದ ಚರ್ಚೆ. ಕೊನೆಗೆ, ಮುಂದಿನ ಭೇಟಿಯವರೆಗೆ ಮನೆಯಲ್ಲಿ ಮಾಡಬೇಕಾದ ಕೆಲಸ. ವಿಷಯಗಳ ಪಟ್ಟಿಯಲ್ಲಿ ಅಚ್ಚರಿಯೇನಿಲ್ಲ: ತೂಕ ಹೆಚ್ಚಾದರೆ ಏನಾಗುತ್ತದೆ, ಆಹಾರ ಆರಿಸುವುದು, ಊಟದ ಯೋಜನೆ, ವ್ಯಾಯಾಮ, ಶುಗರ್ ಹತೋಟಿಯನ್ನು ನೋಡಿಕೊಂಡು ಸುಧಾರಿಸುವುದು, ಸಿಗರೇಟು ಬಿಡುವುದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದು, ತೊಡಕುಗಳನ್ನು ತಡೆಯುವುದು. ಯಾವ ಡಯಟೀಷಿಯನ್ನನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬೇರೆಯಾದದ್ದು ಕ್ರಮ ಮತ್ತು ಪುನರಾವರ್ತನೆ. ಒಂದು ಸಲಕ್ಕೆ ಒಂದೇ ವಿಷಯ. ನಡುವೆ ಮೂರು ತಿಂಗಳ ಬದುಕು. ಮತ್ತೆ ಬಂದಾಗ ಮೊದಲು ಮನೆಯಲ್ಲಿ ಮಾಡಲು ಕೊಟ್ಟ ಕೆಲಸದ ವಿಚಾರಣೆ, ಯಾರಿಗೆ ಎಲ್ಲಿ ತಪ್ಪಿತು ಎಂಬ ಮಾತು. ಒಬ್ಬೊಬ್ಬರ ಭೇಟಿಯಲ್ಲಿ ವೈದ್ಯರು ‘ವಾಕಿಂಗ್ ಮಾಡ್ತಿದ್ದೀರಾ?’ ಎಂದು ಕೇಳಿದರೆ ‘ಹ್ಞೂಂ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಂಬತ್ತು ಜನ ಇದೇ ರೋಗದವರ ಮುಂದೆ ಆ ‘ಹ್ಞೂಂ’ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಪಕ್ಕದವರು ‘ನನಗೂ ಆಗಲಿಲ್ಲ, ಮಂಡಿ ನೋವು’ ಅಂದಮೇಲೆ ನಿಜ ಹೊರಬರುತ್ತದೆ, ಮಂಡಿ ನೋವಿನವರು ಏನು ಮಾಡಬಹುದು ಎಂಬ ಕೆಲಸಕ್ಕೆ ಬರುವ ಮಾತು ಶುರುವಾಗುತ್ತದೆ.

ಯಾವುದು ಯಾವಾಗ ಬದಲಾಯಿತು

ಎರಡು ವರ್ಷದ ಫಲಿತಾಂಶ 2001ರಲ್ಲಿ, ನಾಲ್ಕು ವರ್ಷದ್ದು 2002ರಲ್ಲಿ, ಐದು ವರ್ಷದ್ದು 2004ರಲ್ಲಿ ಪ್ರಕಟವಾದವು. ಮೂರನ್ನೂ ಸಾಲಾಗಿ ಇಟ್ಟು ನೋಡಿದರೆ ಒಂದು ಸರದಿ ಕಾಣುತ್ತದೆ. ರೋಗದ ತಿಳಿವಳಿಕೆ ಮತ್ತು ಸಮಸ್ಯೆ ಬಿಡಿಸುವ ಶಕ್ತಿ ಮೊದಲ ವರ್ಷದಿಂದಲೇ ಸುಧಾರಿಸಿದವು. ಬದುಕಿನ ಗುಣಮಟ್ಟದ ಅಂಕ ಸುಧಾರಿಸಿದ್ದು ಎರಡನೇ ವರ್ಷದಿಂದ. ಎರಡು ವರ್ಷ ಮುಗಿದಾಗ ಎಚ್‌ಬಿಎ1ಸಿಯಲ್ಲಿ ಅಂತರ ಕಂಡಿತು, ಆಮೇಲೆ ಅದು ಬೆಳೆಯುತ್ತ ಹೋಯಿತು, ಏಕೆಂದರೆ ಒಬ್ಬೊಬ್ಬರಾಗಿ ಬಂದವರದು ಏರುತ್ತಲೇ ಇತ್ತು. ಆರು ತಿಂಗಳಿಗೆ ವರದಿ ಕೇಳುವ ಯೋಜನೆಯಾಗಿದ್ದರೆ ‘ಶುಗರ್‌ನಲ್ಲಿ ವ್ಯತ್ಯಾಸವಿಲ್ಲ’ ಎಂದು ಬರೆದು ಕಡತ ಮುಚ್ಚುತ್ತಿದ್ದರು.

ಐದು ವರ್ಷಕ್ಕೆ ಗುಂಪಿನವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸರಾಸರಿ 1.4 ಇಳಿದಿತ್ತು. 165 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 3.8 ಕೆ.ಜಿ. ಐದು ವರ್ಷ ಇಳಿಸಿಟ್ಟುಕೊಂಡ ನಾಲ್ಕು ಕೆ.ಜಿ., ಮೂರು ತಿಂಗಳಲ್ಲಿ ಇಳಿಸಿ ಮತ್ತೆ ಏರಿಸಿಕೊಂಡ ಹತ್ತು ಕೆ.ಜಿ.ಗಿಂತ ಮೇಲು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಲೀಟರಿಗೆ 0.14 ಮಿಲಿಮೋಲ್, ನಮ್ಮ ಲ್ಯಾಬ್ ಲೆಕ್ಕದಲ್ಲಿ ಸುಮಾರು 5 ಮಿ.ಗ್ರಾಂ ಏರಿತ್ತು.

ಗಟ್ಟಿ ಸಾಕ್ಷಿ ಇರುವುದು ನಾಲ್ಕನೇ ವರ್ಷದ ವರದಿಯಲ್ಲಿ. ಗುಂಪಿನವರ ಶುಗರ್ ಮಾತ್ರೆಯ ಡೋಸ್ ಕಡಿಮೆಯಾಗಿತ್ತು. ಶುಗರ್ ನಿಂತದ್ದು ಮಾತ್ರೆ ಹೆಚ್ಚಿಸಿದ್ದರಿಂದ ಎನ್ನುವ ಅನುಮಾನಕ್ಕೆ ಇಲ್ಲಿ ಜಾಗವಿಲ್ಲ. ಕಣ್ಣಿನ ಪರದೆಯ ಹಾನಿಯೂ ಗುಂಪಿನವರಲ್ಲಿ ನಿಧಾನವಾಗಿ ಮುಂದುವರಿದಿತ್ತು. ಆದರೆ ಕೆಳಗಿನ ಬಿಪಿ ಮತ್ತು ಹೃದ್ರೋಗದ ಅಪಾಯದ ಅಂದಾಜು ಎರಡೂ ಪಾಲಿನವರಲ್ಲಿ ಒಂದೇ ಸಮ ಇಳಿದವು. ಇದು ನಂಬಿಕೆ ಹೆಚ್ಚಿಸುವ ಸಂಗತಿ. ಬಿಪಿ ಮಾತ್ರೆಯಿಂದ ಇಳಿಯುತ್ತದೆ, ಮಾತ್ರೆ ಬರೆಯಲು ವೈದ್ಯರಿಗೆ ಗುಂಪು ಬೇಕಿಲ್ಲ. ತಟ್ಟೆ, ತೂಕ, ನಡಿಗೆಯಿಂದ ಆಗಬೇಕಾದದ್ದರಲ್ಲೇ ಗುಂಪು ಮುಂದಿತ್ತು.

ಖರ್ಚು

ಎರಡು ವರ್ಷದ ವರದಿಯ ಪ್ರಕಾರ ಒಂಬತ್ತು ಹತ್ತು ಜನರನ್ನು ಒಟ್ಟಿಗೆ ನೋಡಲು ವೈದ್ಯರಿಗೆ ಹಿಡಿದ ಸಮಯ, ಅವರನ್ನೇ ಒಬ್ಬೊಬ್ಬರಾಗಿ ನೋಡುವುದಕ್ಕಿಂತ ಕಡಿಮೆ. ಇದೊಂದು ಸಾಲನ್ನು ಕತ್ತರಿಸಿಕೊಂಡು ‘ಗುಂಪು ಭೇಟಿ ಅಗ್ಗ’ ಎಂದು ಹೇಳುವವರಿದ್ದಾರೆ. ನಾಲ್ಕು ವರ್ಷದ ಲೆಕ್ಕ ಬೇರೆ ಮಾತು ಹೇಳುತ್ತದೆ: ಗುಂಪಿನ ರೋಗಿಯೊಬ್ಬರಿಗೆ 196 ನಿಮಿಷ ಮತ್ತು 756.54 ಡಾಲರ್, ಒಬ್ಬೊಬ್ಬರಾಗಿ ಬಂದವರಿಗೆ 150 ನಿಮಿಷ ಮತ್ತು 665.77 ಡಾಲರ್. ಗುಂಪು ದುಬಾರಿ, ನಾಲ್ಕು ವರ್ಷಕ್ಕೆ ತಲಾ ಸುಮಾರು 91 ಡಾಲರಿನಷ್ಟು. ವೈದ್ಯರ ಸಮಯ ಉಳಿದರೂ ತಂಡದ ಒಟ್ಟು ಸಮಯ ಹೆಚ್ಚಾಯಿತು.

ನಾಲ್ಕು ವರ್ಷಕ್ಕೆ 16 ಭೇಟಿ ಎಂದಿಟ್ಟುಕೊಂಡರೆ ಒಬ್ಬೊಬ್ಬರ ಭೇಟಿಗೆ ಒಂಬತ್ತೂವರೆ ನಿಮಿಷದ ಆಸುಪಾಸು, ಗುಂಪಿನಲ್ಲಿ ತಲಾ 12 ನಿಮಿಷ ಚಿಲ್ಲರೆ. ಮೂರು ನಿಮಿಷ ಹೆಚ್ಚು ಕೊಟ್ಟದ್ದಕ್ಕೆ ರೋಗಿಗೆ ಸಿಕ್ಕಿದ್ದು ಒಂದು ಪೂರ್ತಿ ಸಭೆಯ ಸಹವಾಸ. ವ್ಯಾಪಾರ ಒಳ್ಳೆಯದೇ. ಆದರೆ ನೂಕುನುಗ್ಗಲಿನ ಒಪಿಡಿಯನ್ನು ಕರಗಿಸಲು ಗುಂಪು ಭೇಟಿ ಮಾಡಹೊರಟವರು ಮೊದಲ ವರ್ಷವೇ ನಿರಾಶರಾಗುತ್ತಾರೆ.

ಅದೇ ಹೆಸರು, ಬೇರೆ ಫಲ

ಅಮೆರಿಕದ ಮಾಜಿ ಸೈನಿಕರ ಎರಡು ಆಸ್ಪತ್ರೆಗಳಲ್ಲಿ, ಡರ್ಹಮ್ ಮತ್ತು ರಿಚ್ಮಂಡ್‌ನಲ್ಲಿ, 239 ರೋಗಿಗಳ ಮೇಲೆ ಇಂಥದೇ ಪ್ರಯೋಗ ನಡೆದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ಸೇರಿಸಿಕೊಂಡದ್ದು ಶುಗರ್ ಮತ್ತು ಬಿಪಿ ಎರಡೂ ಹತೋಟಿ ತಪ್ಪಿದವರನ್ನು. ಏಳೆಂಟು ಜನರ ಗುಂಪು, ಎರಡು ತಿಂಗಳಿಗೊಮ್ಮೆ ಸಭೆ, ಜೊತೆಗೆ ಫಾರ್ಮಸಿಸ್ಟ್ ಮತ್ತು ವೈದ್ಯರು ಕೂತು ಪ್ರತಿಯೊಬ್ಬರ ಔಷಧಿ ಹೊಂದಿಸುತ್ತಿದ್ದರು. ಸುಮಾರು ಒಂದು ವರ್ಷದ ಕೊನೆಗೆ ಮೇಲಿನ ಬಿಪಿ ಎಂದಿನ ಚಿಕಿತ್ಸೆಯವರಿಗಿಂತ 7.3 ಹೆಚ್ಚು ಇಳಿಯಿತು. ಎಚ್‌ಬಿಎ1ಸಿಯಲ್ಲಿ ಲೆಕ್ಕಕ್ಕೆ ನಿಲ್ಲುವ ಅಂತರ ಬರಲಿಲ್ಲ.

ಟ್ಯೂರಿನ್‌ಗೆ ತಿರುವುಮುರುವು. ಔಷಧಿ ಹೊಂದಿಸುವುದೇ ಮುಖ್ಯವಾದ ಕಡೆ ಬಿಪಿ ಕೈಗೆ ಬಂತು; ಕಲಿಕೆಯೇ ಮುಖ್ಯವಾದ ಕಡೆ, ವರ್ಷಗಳ ಮೇಲೆ, ಶುಗರ್ ನಿಂತಿತು. ಆದ್ದರಿಂದ ಗುಂಪು ಭೇಟಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಗುಂಪಿನ ಒಳಗೆ ಏನು ನಡೆಯುತ್ತದೆ, ಎಷ್ಟು ಕಾಲ ನಡೆಯುತ್ತದೆ ಎಂದು ಮೊದಲು ಕೇಳಬೇಕು.

ಟ್ಯೂರಿನ್ ಪ್ರಯೋಗದ ದೌರ್ಬಲ್ಯವನ್ನೂ ಹೇಳಲೇಬೇಕು. ಒಂದೇ ಕ್ಲಿನಿಕ್, 112 ಜನ, ಅದೂ ವಿಧಾನವನ್ನು ಹುಟ್ಟುಹಾಕಿದವರೇ ನಡೆಸಿದ್ದು. ಯಾರು ಗುಂಪಿನಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಮರೆಮಾಚಲು ಸಾಧ್ಯವೇ ಇಲ್ಲ. ಫಲ ಬಂದದ್ದು ವಿಧಾನದಿಂದಲೋ ಆ ತಂಡದ ಉತ್ಸಾಹದಿಂದಲೋ? ಇದನ್ನು ಪರೀಕ್ಷಿಸಲು ರೋಮಿಯೊ ಎಂಬ ಹೆಸರಿನಲ್ಲಿ ಇಟಲಿಯ 13 ಆಸ್ಪತ್ರೆ ಕ್ಲಿನಿಕ್ಕುಗಳಲ್ಲಿ ಮತ್ತೆ ಪ್ರಯೋಗ ನಡೆಯಿತು. ಇನ್ಸುಲಿನ್ ತೆಗೆದುಕೊಳ್ಳದ, 80 ವರ್ಷದೊಳಗಿನ 815 ಮಂದಿ. ನಾಲ್ಕು ವರ್ಷದ ಫಲಿತಾಂಶ 2010ರಲ್ಲಿ ಬಂತು: ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಬಿಪಿ, ಬಿಎಂಐ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಲ್ಲವೂ ಗುಂಪಿನವರಲ್ಲಿ ಉತ್ತಮ, ಎರಡೂ ಪಾಲಿನವರಿಗೆ ಬರೆದ ಔಷಧಿ ಹೆಚ್ಚುಕಡಿಮೆ ಒಂದೇ ಆಗಿದ್ದರೂ. ವಿಧಾನ ಬೇರೆ ಕೈಗಳಲ್ಲೂ ನಿಂತಿತು.

ಎಡವುವುದು ಎಲ್ಲಿ

ಇಂಥ ಗುಂಪು ಭೇಟಿಯನ್ನು ನಮ್ಮಲ್ಲಿ ನಡೆಸಹೊರಟರೆ ಮೊದಲ ತೊಡಕು ಲ್ಯಾಬ್ ರಿಪೋರ್ಟ್. ಸಭೆಯ ದಿನವೇ ರಕ್ತ ತೆಗೆದರೆ ಮಾತಾಡಲು ಹೊಸ ಅಂಕಿಯೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ, ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರು ಶುಗರ್ ತೀರಾ ಇಳಿದು ಸಭೆಯ ನಡುವೆ ಬೆವರಲು ಶುರುಮಾಡುತ್ತಾರೆ. ಒಂದು ವಾರ ಮೊದಲೇ ರಕ್ತ ಕೊಟ್ಟಿರಬೇಕು, ಸಭೆಗೆ ತಿಂಡಿ ತಿಂದೇ ಬರಬೇಕು. ಕೋಣೆಯಲ್ಲಿ ಗ್ಲುಕೋಸ್ ಪುಡಿ ಅಥವಾ ಸಕ್ಕರೆ, ನೀರು ಇರಲಿ. ಶುಗರ್ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ, ಅಂದರೆ ಟೀ ಚಮಚದಲ್ಲಿ ಸುಮಾರು ಮೂರು, ನೀರಿಗೆ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡುವುದು.

ಎರಡನೆಯದು ಬಾಗಿಲಲ್ಲೇ ಆಗುವ ಸಾಲು. ಹತ್ತು ಜನರ ತೂಕ, ಬಿಪಿ, ಬೆರಳಿನ ಹನಿ ಪರೀಕ್ಷೆಗೆ ತಲಾ ನಾಲ್ಕು ನಿಮಿಷ ಹಿಡಿದರೂ ಒಬ್ಬ ನರ್ಸಿಗೆ 40 ನಿಮಿಷ. ಮೊದಲು ಬಂದವರು ಅಷ್ಟು ಹೊತ್ತು ಗೋಡೆ ನೋಡುತ್ತ ಕೂರುತ್ತಾರೆ. ಬಿಪಿಗೆ ಐದು ನಿಮಿಷ ಸುಮ್ಮನೆ ಕೂರಿಸಬೇಕಾದ್ದು ಬೇರೆ. ಇಬ್ಬರು ನರ್ಸ್ ಇರಬೇಕು, ಇಲ್ಲವೇ ಐದೈದು ಜನರಿಗೆ 20 ನಿಮಿಷ ಅಂತರದಲ್ಲಿ ಬರಲು ಹೇಳಬೇಕು.

ಮೂರನೆಯದೇ ದೊಡ್ಡದು: ವೈದ್ಯರು ನಿಂತುಕೊಂಡು ಮಾತಾಡತೊಡಗುವುದು. ಪ್ರೊಜೆಕ್ಟರ್ ಬಂತೆಂದರೆ ಗುಂಪು ಹೋಯಿತು. ಕುರ್ಚಿಗಳು ಸಾಲಿನಲ್ಲಿದ್ದರೆ ಶಾಲೆ, ದುಂಡಗಿದ್ದರೆ ಕಟ್ಟೆ. ‘ರಾಗಿ ಮುದ್ದೆ ತಿಂದರೆ ಶುಗರ್ ಏರಲ್ಲ ಅಲ್ವಾ?’ ಎಂದು ನಮ್ಮ ಕಡೆಯ ಸಭೆಯಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ. ವೈದ್ಯರು ತಕ್ಷಣ ಉತ್ತರಿಸಿದರೆ ಪಾಠ ಮುಗಿಯಿತು. ಗ್ಲುಕೋಮೀಟರ್ ಇರುವ ಇಬ್ಬರಿಗೆ ಒಂದು ದಿನ ಎಂದಿನ ಮುದ್ದೆ, ಇನ್ನೊಂದು ದಿನ ಅದರ ಅರ್ಧ ಮತ್ತು ಸೊಪ್ಪಿನ ಪಲ್ಯ ಉಂಡು, ಎರಡು ಗಂಟೆ ಬಿಟ್ಟು ನೋಡಿ ಬರೆದುಕೊಂಡು ಬನ್ನಿ ಎಂದರೆ ಮುಂದಿನ ಸಭೆಗೆ ಸಾಮಗ್ರಿ ಸಿದ್ಧ. ನೂರು ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂಬ ಮಾತು, ತಮ್ಮ ಬೆರಳಿನ ಹನಿಯೇ ಹೇಳಿದ ಮೇಲೆ ಬೇಗ ಇಳಿಯುತ್ತದೆ.

ತಪ್ಪು ಸಲಹೆ ಗುಂಪಿನ ಒಳಗಿಂದಲೂ ಬರುತ್ತದೆ. ‘ನಾನು ಮಾತ್ರೆ ಬಿಟ್ಟು ಹಾಗಲಕಾಯಿ ರಸ ಕುಡಿದೆ, ನಾರ್ಮಲ್’ ಎನ್ನುವವರ ಮಾತನ್ನು ಅಲ್ಲೇ ಕಡಿದರೆ ಅವರು ಮುಂದೆ ಬಾಯಿ ಬಿಡುವುದಿಲ್ಲ, ಕೇಳಿದವರು ಹೊರಗೆ ನಿಂತು ವಿವರ ಕೇಳಿಕೊಳ್ಳುತ್ತಾರೆ. ಯಾವಾಗ ಬಿಟ್ಟಿರಿ, ಆಗ ಎಷ್ಟಿತ್ತು, ಈ ತಿಂಗಳ ಎಚ್‌ಬಿಎ1ಸಿ ಎಷ್ಟು ಎಂದು ಎಲ್ಲರ ಮುಂದೆಯೇ ಕೇಳಬೇಕು. ಅವರ ಒಪ್ಪಿಗೆ ಇದ್ದರೆ ಮಾತ್ರ. ಎಲ್ಲರ ಎಚ್‌ಬಿಎ1ಸಿಯನ್ನು ಬೋರ್ಡಿನ ಮೇಲೆ ಬರೆಯುವ ಚಪಲ ಬೇಡ. ಖಾಸಗಿತನದ ಪ್ರಶ್ನೆ ಒಂದು ಕಡೆ. ಜೊತೆಗೆ, ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರ ಅಂಕಿ ನಿಜಕ್ಕಿಂತ ಹೆಚ್ಚು ತೋರಬಹುದು, ಅವರು ಸುಮ್ಮನೆ ಎಲ್ಲರ ಕಣ್ಣಲ್ಲಿ ತಪ್ಪಿತಸ್ಥರಾಗುತ್ತಾರೆ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಎಂಬ ಮಾತಿಗೆ ಮೊದಲ ದಿನವೇ ಎಲ್ಲರಿಂದ ಸಹಿ ಪಡೆಯುವುದು ವಾಡಿಕೆ. ಒಂದೇ ಓಣಿಯ ಬೀಗರನ್ನು ಒಂದೇ ಗುಂಪಿಗೆ ಹಾಕದಿರುವುದು ಸಹಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗುಂಪಿನಲ್ಲಿ ಆಗದ ಕೆಲಸಗಳಿವೆ. ಪಾದದ ಸ್ಪರ್ಶಜ್ಞಾನ ತಿಳಿಯಲು 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆ ಮುಟ್ಟಿಸಿ ನೋಡುವುದು, ಕಣ್ಣಿನ ಪರದೆಯ ಪರೀಕ್ಷೆ, ಮೂತ್ರದ ಆಲ್ಬುಮಿನ್ (ಒಂದು ಪ್ರೋಟೀನ್), ಕ್ರಿಯಾಟಿನಿನ್ ಪರೀಕ್ಷೆ ವರ್ಷಕ್ಕೊಮ್ಮೆ ಒಬ್ಬೊಬ್ಬರಿಗೇ ಆಗಬೇಕು. ಲೈಂಗಿಕ ತೊಂದರೆ, ಖಿನ್ನತೆ, ಕುಡಿತ ಇವು ದುಂಡಗಿನ ಕುರ್ಚಿಗಳ ನಡುವೆ ಹೊರಬರುವುದಿಲ್ಲ. ಸಭೆ ಮುಗಿದ ಮೇಲೆ ಬೇಕಾದವರಿಗೆ ಐದು ನಿಮಿಷ ಬಾಗಿಲು ಮುಚ್ಚಿ ಮಾತಾಡುವ ಅವಕಾಶ ಇರಲೇಬೇಕು. ಹತ್ತರಲ್ಲಿ ಹತ್ತೂ ಜನ ಆ ಸಾಲಿಗೆ ನಿಂತರೆ ಸಭೆಯಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಬೇಕು: ಒಂದೋ ಪ್ರಶ್ನೆ ಕೇಳಲು ಬಿಟ್ಟಿಲ್ಲ, ಇಲ್ಲವೇ ಔಷಧಿ ಚೀಟಿ ಮೊದಲೇ ಬರೆದಿಟ್ಟಿಲ್ಲ.

ನಮಗೆ ಹತ್ತಿರದ ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾದ 1,000 ರೋಗಿಗಳ ಮೇಲೆ ಗುಂಪು ಭೇಟಿಯ ಪ್ರಯೋಗ ನಡೆದಿದೆ. ಅಲ್ಲಿ ಗುಂಪಿಗೆ ಐದೇ ಜನ. ಗುಂಪಿನಲ್ಲಿ ಬಂದವರು ನಿಮಿಷಕ್ಕೆ ಕೇಳಿದ ಪ್ರಶ್ನೆಗಳು ಒಬ್ಬೊಬ್ಬರಾಗಿ ಬಂದವರಿಗಿಂತ ಮೂರನೇ ಒಂದರಷ್ಟು ಹೆಚ್ಚು. ವೈದ್ಯರ ಮುಂದೆ ಬಾಯಿ ಕಟ್ಟಿಕೊಂಡು ಕೂರುವ ನಮ್ಮ ಒಪಿಡಿಗಳ ರೋಗಿಗಳಿಗೆ ಈ ಸಂಖ್ಯೆ ಬಹಳ ದೊಡ್ಡದು.

ಇನ್ನು ಹಾಜರಾತಿ. ಮೂರು ತಿಂಗಳಿಗೊಮ್ಮೆಯ ಸಭೆ ಒಂದು ತಪ್ಪಿದರೆ ಆರು ತಿಂಗಳ ಅಂತರ, ಜೊತೆಗೆ ಒಂದು ವಿಷಯವೇ ಕೈತಪ್ಪಿದಂತೆ. ಅದೇ ವಾರ ಬೇರೆ ಗುಂಪಿನಲ್ಲಿ ಕೂರಿಸುವುದು ಸುಲಭ ದಾರಿ, ಆರು ಗುಂಪುಗಳೂ ಒಂದೇ ವಿಷಯದಲ್ಲಿ ಸಾಗುತ್ತಿದ್ದರೆ ಮಾತ್ರ ಅದು ಆಗುತ್ತದೆ. ಗುಂಪು ಆರಕ್ಕಿಂತ ಕೆಳಗಿಳಿದರೆ ಇನ್ನೊಂದರ ಜೊತೆ ಸೇರಿಸುವುದು ಮೇಲು. ಹೊಸಬರನ್ನು ಒಬ್ಬೊಬ್ಬರಾಗಿ ತುಂಬಿದರೆ ಹಳಬರು ಮತ್ತೆ ಮೊದಲ ಪಾಠಕ್ಕೇ ಕೂರಬೇಕಾಗುತ್ತದೆ, ಎರಡನೇ ಸಲಕ್ಕೆ ಅವರೂ ಬರುವುದಿಲ್ಲ.